ಅಜ್ಜನ ಜೋಡುನಳಿಗೆ, ಮುತ್ತಜ್ಜನ ಕೇಪಿನ ಕೋವಿ: ಒಂದು ದುರಸ್ತಿ ಕಾರ್ಯಾಗಾರದ ಬಗ್ಗೆ

ಹಿರಿಯರಿಂದ ನನ್ನ ಹೆಸರಿಗೆ ಬಂದ ಎರಡು ಕೋವಿಗಳನ್ನು, ಅವು ಯಾವ ಕಾಲದವು, ಎಲ್ಲಿ ತಯಾರಾದವು ಎಂಬುದನ್ನು ಪತ್ತೆ ಮಾಡಿ, ಸಾಧ್ಯವಾದಷ್ಟು ಸರಿಪಡಿಸಿಕೊಡಲೆಂದು, ಹಳೆಯ ಬಂದೂಕುಗಳ ಕೆಲಸವನ್ನೇ ಮಾಡುವ ಪರವಾನಗಿ ಪಡೆದ ಕಾರ್ಯಾಗಾರವೊಂದಕ್ಕೆ ಒಪ್ಪಿಸಿದ್ದೆ. ಅವು ಈಗ ಮನೆಗೆ ಮರಳಿವೆ. ಆ ಕಾರ್ಯಾಗಾರದ ಕೆಲಸ ಹೇಗಿತ್ತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಹೆಸರನ್ನೂ ವಿಳಾಸವನ್ನೂ ಬರೆದಿಲ್ಲ. ಬಂದೂಕಿರುವ ಮನೆಯ ವಿಳಾಸವನ್ನಾಗಲಿ ಬಂದೂಕಿರುವ ಅಂಗಡಿಯ ವಿಳಾಸವನ್ನಾಗಲಿ ಹತ್ತು ಜನ ಓದುವಲ್ಲಿ ಬರೆಯಬಾರದು ಎಂಬುದು ಒಂದು ಕಾರಣವಾದರೆ, ಕೊನೆಯಲ್ಲಿ ಹೇಳಲಿರುವ ಒಂದು ದೂರು ಇನ್ನೊಂದು ಕಾರಣ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕೋವಿಯನ್ನು ಓದುವ ವಿದ್ಯೆಯಲ್ಲಿ ಇವರಿಗೆ ನೂರಕ್ಕೆ ನೂರು ಅಂಕ ಕೊಡಬಹುದು, ಕಬ್ಬಿಣದ ಕೆಲಸದಲ್ಲಿ ತೊಂಬತ್ತು ಕೊಡಬಹುದು, ಮರದ ಕೆಲಸದಲ್ಲಿ ಮಾತ್ರ ನನಗೆ ಇನ್ನೂ ಸಮಾಧಾನವಾಗಿಲ್ಲ.

ಕೋವಿಗಳಲ್ಲಿ ಒಂದು ಅಜ್ಜನದು: 12 ಬೋರಿನ ಜೋಡುನಳಿಗೆ, ಹೊರಗೆ ಕುದುರೆ (ಹೊಡೆದು ಮದ್ದು ಹತ್ತಿಸುವ ಸುತ್ತಿಗೆ) ಕಾಣದ, ಬುಡದಲ್ಲಿ ಮಡಚಿ ತೋಟಾ ತುಂಬುವ ಬಗೆಯದು. ಇನ್ನೊಂದು ಮುತ್ತಜ್ಜನದು: ಬಾಯಿಯಿಂದಲೇ ಮದ್ದು, ಚರೆ ತುಂಬಿ, ಬುಡದಲ್ಲಿ ಕೇಪು (ಹೊಡೆತಕ್ಕೆ ಕಿಡಿ ಹಾರಿಸುವ ಸಣ್ಣ ಲೋಹದ ಟೊಪ್ಪಿ) ಸಿಕ್ಕಿಸಿ ಹಾರಿಸುವ ಒಂಟಿ ನಳಿಗೆಯ ಕೇಪಿನ ಕೋವಿ. ಅಜ್ಜನದು ಖಾಸಾ ಲಂಡನ್ ಕೋವಿ ಎಂದೂ, ಮುತ್ತಜ್ಜನದು ಬ್ರಿಟಿಷ್ ಸೈನ್ಯದ ಕೋವಿ ಎಂದೂ ನಾವೆಲ್ಲ ಕೇಳಿಕೊಂಡೇ ಬೆಳೆದವರು. ಎರಡೂ ಹಲವು ವರ್ಷ ಬಟ್ಟೆಯ ಚೀಲದಲ್ಲಿ ಅಟ್ಟದ ಪೆಟ್ಟಿಗೆಯೊಳಗೆ ಮಲಗಿದ್ದವು. ಹೊರತೆಗೆದಾಗ ನಳಿಗೆಗಳ ಮೇಲೆ ಇಟ್ಟಿಗೆ ಬಣ್ಣದ ತುಕ್ಕು ಹಬ್ಬಿತ್ತು, ಅಜ್ಜನ ಕೋವಿಯ ಹಿಡಿಯ ಕುತ್ತಿಗೆಯಲ್ಲಿ ಸೀಳು ಬಿಟ್ಟಿತ್ತು, ಕೇಪಿನ ಕೋವಿಯ ಕುದುರೆ ಅಲುಗಾಡದಂತೆ ಕಚ್ಚಿಕೊಂಡಿತ್ತು.

ಮೊದಲ ಭೇಟಿಯಲ್ಲಿ ಅವರು ಕೋವಿಯನ್ನು ಕೈಗೆ ತೆಗೆದುಕೊಳ್ಳುವ ಮೊದಲು ಕಾಗದಪತ್ರ ಕೇಳಿದರು. ವಾರಸುದಾರಿಕೆಯ ದಾಖಲೆ, ಪರವಾನಗಿ ಯಾರ ಹೆಸರಿನಲ್ಲಿದೆ, ಅದರಲ್ಲಿ ಬರೆದ ಸಂಖ್ಯೆ ಕೋವಿಯ ಮೇಲಿನ ಸಂಖ್ಯೆಗೆ ಹೊಂದುತ್ತದೆಯೇ ಎಂದು ನೋಡಿ, ತಮ್ಮ ದಫ್ತರದಲ್ಲಿ ನಮೂದಿಸಿ, ನನ್ನ ಸಹಿ ಹಾಕಿಸಿಕೊಂಡ ಮೇಲೆಯೇ ಚೀಲ ಬಿಚ್ಚಿದರು. ಇದನ್ನು ಕಿರಿಕಿರಿ ಎನ್ನುವವರು ಇರಬಹುದು. ಕಾಗದ ಕೇಳದೆಯೇ ಹಳೆಯ ಬಂದೂಕನ್ನು ಒಳಗೆ ತೆಗೆದುಕೊಳ್ಳುವ ಅಂಗಡಿಗೆ ನಾನಂತೂ ಕಾಲಿಡಲಾರೆ.

ಆಮೇಲೆ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕಾರ್ಯಾಗಾರದ ಯಜಮಾನರು ಕೇಪಿನ ಕೋವಿಯನ್ನು ಮೇಜಿನ ಮೇಲೆ ಯಾರ ಕಡೆಗೂ ಬಾಯಿ ತಿರುಗದಂತೆ ಮಲಗಿಸಿ, ಒಂದು ಮರದ ಕಡ್ಡಿಯನ್ನು ನಳಿಗೆಯೊಳಗೆ ಮೆಲ್ಲನೆ ಇಳಿಬಿಟ್ಟರು. ಅದು ತಳ ಮುಟ್ಟಿ ನಿಂತಾಗ ನಳಿಗೆಯ ಬಾಯಿಯ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಹಾಕಿದರು. ಕಡ್ಡಿಯನ್ನು ಹೊರತೆಗೆದು, ಗೆರೆಯನ್ನು ಬಾಯಿಗೆ ಸರಿಹೊಂದಿಸಿ, ನಳಿಗೆಯ ಹೊರಮೈಗೆ ಉದ್ದಕ್ಕೂ ತಾಗಿಸಿ ಹಿಡಿದರು. ಕಡ್ಡಿಯ ತುದಿ ಬುಡದಲ್ಲಿರುವ ಕೇಪಿನ ಮೊಲೆಯ (ಕೇಪು ಕೂರಿಸುವ ಸಣ್ಣ ಕೊಳವೆಯ) ಹತ್ತಿರಕ್ಕೆ ಬರಬೇಕಿತ್ತು. ಅದು ಮೂರು ಬೆರಳಗಲ ಹಿಂದೆಯೇ ನಿಂತಿತು. ಯಜಮಾನರು ನನ್ನ ಮುಖ ನೋಡಿ, "ಇದನ್ನು ನೀವು ಹೇಗೆ ತಂದಿರಿ?" ಎಂದು ಕೇಳಿದರು. ಕಾರಿನ ಹಿಂದಿನ ಸೀಟಿನಲ್ಲಿ ಎಂದೆ. "ಇದರಲ್ಲಿ ಮದ್ದಿದೆ" ಎಂದರು.

ಮುತ್ತಜ್ಜ ತುಂಬಿಟ್ಟಿದ್ದ ಮದ್ದು ಹಾಗೆಯೇ ಇತ್ತು. ಮಕ್ಕಳಾಗಿದ್ದಾಗ ನಾವು ಆ ಕೋವಿಯನ್ನು ಒಬ್ಬರ ಕಡೆಗೊಬ್ಬರು ಗುರಿಯಿಟ್ಟು ಆಡಿದ್ದು ನೆನಪಾಗಿ ನನ್ನ ಅಂಗೈ ಬೆವರಿತು. ಗಂಧಕ, ಇದ್ದಿಲು, ಪೆಟ್ಲುಪ್ಪು ಸೇರಿದ ಕರಿಮದ್ದು ಒಣಗಿದ್ದರೆ ನೂರು ವರ್ಷ ಕಳೆದರೂ ಕೆಡುವುದಿಲ್ಲವಂತೆ. ಬಾಯಿಯಿಂದ ತುಂಬುವ ಹಳೆಯ ಕೋವಿಗಳು ಹೀಗೆ ತುಂಬಿದ ಸ್ಥಿತಿಯಲ್ಲಿಯೇ ಬರುವುದು ಇವರ ಅನುಭವದಲ್ಲಿ ಹೊಸದೇನಲ್ಲ. ತುಕ್ಕು ಬಿಡಿಸುವ ಎಣ್ಣೆಯನ್ನು ಕೆಲವು ದಿನ ಊಡಿಸಿ ಕೇಪಿನ ಮೊಲೆಯನ್ನು ತಿರುಗಿಸಿ ತೆಗೆದು, ಆ ರಂಧ್ರದಿಂದ ನೀರು ಹಾಯಿಸಿ, ಪೆಟ್ಲುಪ್ಪು ಕರಗಿ ಮದ್ದು ನಿಸ್ತೇಜವಾದ ಮೇಲೆ, ತುದಿಯಲ್ಲಿ ತಿರುಪಿರುವ ಸಲಾಕೆಯಿಂದ ಬಟ್ಟೆಯ ಬಿರಡೆಯನ್ನೂ ಅದರ ಹಿಂದಿನ ಚರೆಯನ್ನೂ ಹೊರಗೆಳೆದರು. ಕೋವಿಯನ್ನು ಬಿಸಿ ಮಾಡುವುದಾಗಲಿ, ನಳಿಗೆಯನ್ನು ಕೊರೆಯುವುದಾಗಲಿ, ಕೇಪಿನ ಮೊಲೆಯನ್ನು ಸುತ್ತಿಗೆಯಿಂದ ಬಡಿಯುವುದಾಗಲಿ ಇದರಲ್ಲಿ ಇರಲಿಲ್ಲ. ಹಳೆಯ ಕೇಪಿನ ಕೋವಿ ಮನೆಯಲ್ಲಿರುವವರು ಅದನ್ನು ಉಜ್ಜಿ ಒರೆಸುವುದಕ್ಕೂ ಮೊದಲು ಬಲ್ಲವರಿಂದ ಈ ಕಡ್ಡಿಯ ಪರೀಕ್ಷೆ ಮಾಡಿಸಬೇಕು. ತುಂಬಿದೆ ಎಂದು ತಿಳಿದರೆ ಸ್ವಂತ ಕೈಯಿಂದ ಏನನ್ನೂ ಮಾಡಬಾರದು.

ಇನ್ನು ಗುರುತು ಪತ್ತೆಯ ವಿಷಯ. ಈ ಕಾರ್ಯಾಗಾರದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಹೆಚ್ಚಿನವರು ಕೋವಿಯ ಹೆಸರನ್ನು ನಳಿಗೆಗಳ ಮೇಲಿನ ಪಟ್ಟಿಯಲ್ಲಿ ಹುಡುಕುತ್ತಾರೆ. ನಾನೂ ಹಾಗೆಯೇ ಅಲ್ಲಿ ಕೆತ್ತಿದ್ದ ಲಂಡನ್ನಿನ ವ್ಯಾಪಾರಿಯ ಹೆಸರನ್ನು ಹೆಮ್ಮೆಯಿಂದ ತೋರಿಸಿದೆ. ಯಜಮಾನರು ಅದನ್ನು ಓದಿದರು, ಆದರೆ ಅದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. ಹಿಂದೆ ಬರ್ಮಿಂಗ್‌ಹ್ಯಾಮ್‌ನ ಕಮ್ಮಟಗಳಲ್ಲಿ ಕೋವಿ ತಯಾರಿಸಿ, ಮಾರುವ ಅಂಗಡಿಯ ಹೆಸರನ್ನು ಪಟ್ಟಿಯ ಮೇಲೆ ಕೆತ್ತಿ ಕಳಿಸುವುದು ಸಾಮಾನ್ಯ ರೂಢಿಯಾಗಿತ್ತು. ಹಾಗಾಗಿ ಮೇಲಿನ ಹೆಸರು ಮಾರಿದವರದೋ ಮಾಡಿದವರದೋ ಎಂಬುದನ್ನು ಕೆಳಗಿನ ಮುದ್ರೆಗಳೇ ಹೇಳಬೇಕು. ಅವರು ಮುಂಗೈ ಆನಿಸುವ ಮರದ ತುಂಡನ್ನು ಕಳಚಿ, ನಳಿಗೆಗಳನ್ನು ಬೇರ್ಪಡಿಸಿ, ಬುಡದ ಚಪ್ಪಟೆ ಭಾಗವನ್ನು ಮೇಲ್ಮುಖವಾಗಿ ಮೇಜಿನ ಮೇಲಿಟ್ಟು, ಒಂದು ದೀಪವನ್ನು ಓರೆಯಾಗಿ ಹಿಡಿದರು. ನೇರ ಬೆಳಕಿನಲ್ಲಿ ಬರಿಯ ಗೀರುಗಳಂತೆ ಕಾಣುತ್ತಿದ್ದವು ಓರೆ ಬೆಳಕಿಗೆ ಅಕ್ಷರಗಳಾಗಿ ಎದ್ದು ನಿಂತವು.

ಅಲ್ಲಿ ಕಿರೀಟದ ಕೆಳಗೆ ಬಿಪಿ, ಕಿರೀಟದ ಕೆಳಗೆ ಬಿವಿ, ಕಿರೀಟದ ಕೆಳಗೆ ಎನ್‌ಪಿ ಎಂಬ ಮೂರು ಮುದ್ರೆಗಳಿದ್ದವು. ಹೊಸ ನಳಿಗೆಯಲ್ಲಿ ವಾಡಿಕೆಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ಸಿಡಿಯದೆ ಉಳಿದದ್ದಕ್ಕೆ ಮಾತ್ರ ಮುದ್ರೆ ಒತ್ತುವ ಪರೀಕ್ಷಾಲಯ ಬರ್ಮಿಂಗ್‌ಹ್ಯಾಮ್‌ನಲ್ಲಿ ಸ್ಥಾಪನೆಯಾದದ್ದು 1813ರಲ್ಲಿ; ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ ಸನದು ಸಿಕ್ಕಿದ್ದು ಅದಕ್ಕೂ ಬಹಳ ಮೊದಲು, 1637ರಲ್ಲಿ. ಎರಡೂ ಕಡೆಯ ಮುದ್ರೆಗಳು ಬೇರೆ ಬೇರೆ. 1904ರ ನಿಯಮಗಳಿಗೆ ಮೊದಲು ಬರ್ಮಿಂಗ್‌ಹ್ಯಾಮ್ ಒತ್ತುತ್ತಿದ್ದದ್ದು ಕಿರೀಟದೊಡನೆ ಕತ್ತರಿಯಾಕಾರದಲ್ಲಿ ಇಟ್ಟ ರಾಜದಂಡಗಳ ಚಿಹ್ನೆಯನ್ನು. ಕಿರೀಟದಡಿಯ ಬಿಪಿ, ಬಿವಿ, ಎನ್‌ಪಿ ಬಂದದ್ದು ಆ ನಿಯಮಗಳ ನಂತರ. ಹಾಗಾಗಿ ಅಜ್ಜನ ಲಂಡನ್ ಕೋವಿ ಲಂಡನ್ನಿನಲ್ಲಿ ಮಾರಾಟಕ್ಕೆ ನಿಂತಿದ್ದಿರಬಹುದೇ ಹೊರತು, ಅದರ ನಳಿಗೆಗಳು ಪರೀಕ್ಷೆಗೆ ನಿಂತದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ, ಅದೂ 1904ಕ್ಕಿಂತ ಹಿಂದೆ ಅಲ್ಲ. ಅದೇ ಪರೀಕ್ಷಾಲಯ 1921ರಿಂದ ವೃತ್ತದೊಳಗೆ ವರ್ಷ ಸೂಚಿಸುವ ಅಕ್ಷರವೊಂದನ್ನು ಒತ್ತತೊಡಗಿತು, ನಮ್ಮದರಲ್ಲಿ ಅದಿಲ್ಲ. ಇಷ್ಟಾದ ಮೇಲೆ ಬೇರೆಯವರಾಗಿದ್ದರೆ 1904ರಿಂದ 1921ರ ನಡುವಿನದು ಎಂದು ಘೋಷಿಸಿಬಿಡುತ್ತಿದ್ದರು. ಇವರು ಬರೆದುಕೊಟ್ಟದ್ದು, "ವರ್ಷದ ಅಕ್ಷರ ಕಾಣುವುದಿಲ್ಲ, ಇಲ್ಲದಿರುವುದನ್ನು ಪೂರ್ಣ ಸಾಕ್ಷ್ಯವೆಂದು ಹಿಡಿಯಬಾರದು, 1921ಕ್ಕೆ ಮೊದಲಿನದಿರುವ ಸಂಭವ ಹೆಚ್ಚು" ಎಂದು. ಈ ಒಂದು ವಾಕ್ಯ ಓದಿದ ಮೇಲೆ ಇವರ ಮೇಲೆ ನನಗೆ ಪೂರ್ತಿ ವಿಶ್ವಾಸ ಬಂತು.

ಒಳಗಿನ ಯಂತ್ರರಚನೆಯೂ ಕಾಲ ಹೇಳುತ್ತದೆ. ಕೋವಿಯನ್ನು ಮಡಚಿದಾಗ ನಳಿಗೆಗಳ ತೂಕವೇ ಒಳಗಿನ ಕುದುರೆಗಳನ್ನು ಎಳೆದು ಸಿದ್ಧಪಡಿಸುವ ಈ ವಿನ್ಯಾಸವನ್ನು ವೆಸ್ಟ್‌ಲಿ ರಿಚರ್ಡ್ಸ್ ಸಂಸ್ಥೆಯಲ್ಲಿದ್ದ ಆ್ಯನ್‌ಸನ್ ಮತ್ತು ಡೀಲಿ ಎಂಬ ಇಬ್ಬರು 1875ರಲ್ಲಿ ಪೇಟೆಂಟ್ ಮಾಡಿಸಿದರು. ಅವಧಿ ಮುಗಿದ ಮೇಲೆ ಲೋಕದ ಎಲ್ಲ ಕಮ್ಮಟಗಳೂ ಅದನ್ನು ನಕಲು ಮಾಡಿದವು. ಆದ್ದರಿಂದ ಅದು 1875ರ ನಂತರದ್ದು ಎಂದಷ್ಟೇ ಹೇಳಬಲ್ಲದು, ಅದಕ್ಕಿಂತ ಹೆಚ್ಚಲ್ಲ.

ಕೇಪಿನ ಕೋವಿಯ ಕಥೆ ಇನ್ನೂ ಸ್ವಾರಸ್ಯದ್ದು. ಅದರ ಕುದುರೆಯ ಪಕ್ಕದ ತಗಡಿನ ಮೇಲೆ ಒಂದು ಕಿರೀಟವೂ 'ಟವರ್' ಎಂಬ ಪದವೂ ಇದ್ದವು, ನಮ್ಮ ಮನೆಯ ಸೈನ್ಯದ ಕಥೆ ಹುಟ್ಟಿದ್ದೇ ಆ ಪದದಿಂದ. ಸೈನ್ಯದ ಕೋವಿಯಾಗಿದ್ದರೆ ಕಿರೀಟದ ಕೆಳಗೆ ಆಳುವ ದೊರೆಯ ಹೆಸರಿನ ಅಕ್ಷರಗಳೂ, ಸರ್ಕಾರದ ಸ್ವತ್ತೆಂದು ತೋರಿಸುವ ಬಾಣದ ಗುರುತೂ ಇರಬೇಕಿತ್ತು, ಎರಡೂ ಇರಲಿಲ್ಲ. ನಳಿಗೆಯನ್ನು ಮರದಿಂದ ಬಿಡಿಸಿ ತಿರುವಿದಾಗ, ನಮ್ಮ ಮನೆಯ ಯಾರೂ ಎಂದೂ ನೋಡಿರದ ತಳಭಾಗದಲ್ಲಿ, ಒಂದು ಸಣ್ಣ ಅಂಡಾಕಾರದೊಳಗೆ ಇಎಲ್‌ಜಿ ಎಂಬ ಮೂರು ಅಕ್ಷರಗಳು ಸಿಕ್ಕಿದವು. ಅದು ಬೆಲ್ಜಿಯಮ್ಮಿನ ಲಿಯೇಜ್ ನಗರದ ಪರೀಕ್ಷಾಲಯದ ಮುದ್ರೆ. 1893ರಿಂದ ಈ ಅಂಡಾಕಾರದ ನೆತ್ತಿಯ ಮೇಲೆ ಕಿರೀಟವೊಂದು ಸೇರಿತು, ನಮ್ಮದರಲ್ಲಿ ಕಿರೀಟವಿಲ್ಲ. ಅಂದರೆ ಕೇಪುಗಳು ಬಳಕೆಗೆ ಬಂದ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಿಂದ 1893ರವರೆಗಿನ ಅವಧಿಯಲ್ಲಿ, ಇಂಗ್ಲಿಷ್ ಕೋವಿಯೆಂದು ಕೊಳ್ಳುವವರಿಗೆ ತೋರಲಿ ಎಂದು ಹೊರನಾಡುಗಳ ಪೇಟೆಗಾಗಿ ಲಿಯೇಜ್‌ನಲ್ಲಿ ತಯಾರಾದ ವ್ಯಾಪಾರದ ಕೋವಿ ಅದು. ಮುತ್ತಜ್ಜ ಅದನ್ನು ಕೊಂಡಾಗಲೇ ಮೋಸಹೋದನೋ, ಅಥವಾ ಮಕ್ಕಳೆದುರು ಕಥೆಗೆ ರೆಕ್ಕೆಪುಕ್ಕ ಸೇರಿಸಿದನೋ ಎಂಬುದನ್ನು ಯಾವ ಮುದ್ರೆಯೂ ಹೇಳುವುದಿಲ್ಲ.

ಮುದ್ರೆಗಳು ಹುಟ್ಟಿದ ಊರು, ವರ್ಷ ಹೇಳಿದರೆ ಮುಗಿಯಲಿಲ್ಲ. ಕೋವಿಯನ್ನು ಇಂದು ಹಾರಿಸಬಹುದೇ ಎಂಬ ಪ್ರಶ್ನೆಗೂ ಅವು ಬೇಕು. ಜೋಡುನಳಿಗೆಯ ಬುಡದಲ್ಲಿ ವಜ್ರಾಕೃತಿಯೊಳಗೆ 12 ಮತ್ತು ಸಿ ಎಂಬ ಗುರುತಿತ್ತು, ಅದು ಚೇಂಬರಿನ, ಅಂದರೆ ಬುಡದಲ್ಲಿ ತೋಟಾ ಕೂರುವ ಜಾಗದ, ಅಳತೆ. ಅದರ ಹತ್ತಿರ 13ರ ಕೆಳಗೆ 1 ಎಂಬ ಭಿನ್ನರಾಶಿಯಂಥ ಗುರುತಿತ್ತು. ಒಂದು ಪೌಂಡ್ ಸೀಸದಿಂದ ಸಮನಾದ ಎಷ್ಟು ಗುಂಡುಗಳನ್ನು ಎರಕ ಹೊಯ್ದರೆ ಒಂದೊಂದು ಗುಂಡು ನಳಿಗೆಯ ಒಳವ್ಯಾಸಕ್ಕೆ ಸರಿಹೊಂದುತ್ತದೆಯೋ ಆ ಸಂಖ್ಯೆಯೇ ಬೋರ್; ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದು. 12 ಎಂದರೆ 0.729 ಇಂಚು, 13ರ ಕೆಳಗೆ 1 ಎಂದರೆ 0.719 ಇಂಚು. ಹೊಸದಾಗಿದ್ದಾಗ ನಮ್ಮ ನಳಿಗೆ ಈ ಎರಡರ ನಡುವೆ ಇತ್ತು ಎಂದು ಅರ್ಥ. ಯಜಮಾನರು ಬುಡದಿಂದ 9 ಇಂಚು ಒಳಗೆ ಅಳತೆಯ ಉಪಕರಣ ಇಳಿಸಿ ನೋಡಿದಾಗ ಬಲ ನಳಿಗೆ 0.722, ಎಡ ನಳಿಗೆ 0.724 ಇತ್ತು. ಯಾರಾದರೂ ಹಿಂದೆ ತುಕ್ಕು ತೆಗೆಯಲೆಂದು ಒಳಗೆ ಉಜ್ಜಿ ಉಜ್ಜಿ 0.729 ಮುಟ್ಟಿಸಿದ್ದರೆ ಹಳೆಯ ಮುದ್ರೆಯ ಮಾತು ಬಿದ್ದುಹೋಗುತ್ತಿತ್ತು, ಮತ್ತೆ ಪರೀಕ್ಷಾಲಯಕ್ಕೆ ಹೋಗದೆ ಬೇರೆ ದಾರಿ ಇರುತ್ತಿರಲಿಲ್ಲ. ಒಳವ್ಯಾಸದ ಜೊತೆಗೆ ಗೋಡೆಯ ದಪ್ಪವನ್ನೂ ಉದ್ದಕ್ಕೂ ಅಳೆದು, ಎಲ್ಲಕ್ಕಿಂತ ತೆಳುವಾದ ಜಾಗ ಎಲ್ಲಿದೆ ಎಂಬುದನ್ನು ಚಿತ್ರ ಬರೆದು ಗುರುತಿಸಿದರು.

ನಾನು ಜೊತೆಗೆ ಒಯ್ದಿದ್ದ ತೋಟಾಗಳ ಡಬ್ಬವನ್ನು ನೋಡಿ ಅವರು ಹೇಳಿದ ಮಾತು ಬಹಳ ಮನೆಗಳಿಗೆ ಉಪಯುಕ್ತವಾದದ್ದು. ಡಬ್ಬದ ಮೇಲೆ 70 ಮಿಲಿಮೀಟರ್ ಎಂದಿತ್ತು. ಅಜ್ಜನ ಕೋವಿಯ ಚೇಂಬರ್ 65 ಮಿಲಿಮೀಟರ್, ಅಂದರೆ ಎರಡೂವರೆ ಇಂಚಿನದು. ಹೊಂದದಿದ್ದರೆ ಒಳಗೆ ಹೋಗುವುದೇ ಇಲ್ಲವಲ್ಲ ಎಂದು ನಾನು ವಾದಿಸಿದೆ. ಅವರು ತೋಟಾವೊಂದನ್ನು ಹಾಕಿ ತೋರಿಸಿದರು, ಸಲೀಸಾಗಿ ಹೋಯಿತು. ತೋಟಾದ ಬಾಯನ್ನು ಮಡಿಸಿ ಮುಚ್ಚಿರುವುದರಿಂದ ಹಾರಿಸುವ ಮೊದಲು ಅದರ ಉದ್ದ 70 ಇರುವುದಿಲ್ಲ; ಡಬ್ಬದ ಮೇಲಿನ ಸಂಖ್ಯೆ ಹಾರಿಸಿದ ಮೇಲೆ ಮಡಿಕೆ ಬಿಚ್ಚಿಕೊಂಡಾಗಿನ ಉದ್ದ. ಗಿಡ್ಡ ಚೇಂಬರಿನಲ್ಲಿ ಆ ಮಡಿಕೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ, ನಳಿಗೆ ಕಿರಿದಾಗುವಲ್ಲಿಗೆ ಚಾಚಿ, ಚರೆಯ ದಾರಿಯನ್ನೇ ಬಿಗಿಯುತ್ತದೆ, ಒತ್ತಡ ಏರುತ್ತದೆ. ಒಳಗೆ ಹೋಗುತ್ತದೆ ಎಂಬುದೇ ಅಪಾಯದ ಮೂಲ. ಜೊತೆಗೆ, ಉಕ್ಕಿನ ಚರೆಯ ತೋಟಾಗಳನ್ನು ಇಂಥ ಹಳೆಯ ನಳಿಗೆಗೆ ಎಂದಿಗೂ ಹಾಕಬಾರದು ಎಂದೂ ಬರೆದುಕೊಟ್ಟರು.

ಇಷ್ಟನ್ನೂ ಅವರು ಒಂದು ವರದಿಯಾಗಿ ಕೊಟ್ಟರು. ವರದಿಯಲ್ಲಿ ಮೂರು ಅಂಕಣಗಳಿದ್ದವು: ಕಂಡದ್ದು, ಊಹಿಸಿದ್ದು, ಮನೆಯವರು ಹೇಳಿದ್ದು. ಮೊದಲನೆಯದರಲ್ಲಿ ಮುದ್ರೆಗಳ ಚಿತ್ರ ಮತ್ತು ಅಳತೆಗಳು. ಎರಡನೆಯದರಲ್ಲಿ ಅವುಗಳಿಂದ ತೆಗೆದ ತೀರ್ಮಾನಗಳು. ಮೂರನೆಯದರಲ್ಲಿ ಲಂಡನ್ನೂ ಸೈನ್ಯವೂ. ಮನೆಮಾತುಗಳನ್ನು ಅವರು ಗೇಲಿ ಮಾಡಲಿಲ್ಲ, ಹೊಡೆದೂ ಹಾಕಲಿಲ್ಲ, ಅವುಗಳ ಜಾಗದಲ್ಲಿ ಇಟ್ಟರು. ಕೋವಿಯನ್ನು ಮುಟ್ಟಿಸದೆ ಈ ವರದಿಯೊಂದನ್ನೇ ಬರೆಸಿಕೊಳ್ಳಲು ಬರುವವರೂ ಇದ್ದಾರಂತೆ. ನನ್ನನ್ನು ಕೇಳಿದರೆ ಅವರೇ ಜಾಣರು.

ದುರಸ್ತಿಯ ಮಾತಿಗೆ ಬಂದರೆ, ಇವರು ಮಾಡಲೊಪ್ಪದ ಕೆಲಸಗಳ ಪಟ್ಟಿಯೇ ಮೊದಲು ನನ್ನ ಕೈಗೆ ಬಂತು. ಕೇಪಿನ ಕೋವಿಯನ್ನು ಮತ್ತೆ ಹಾರಿಸುವ ಸ್ಥಿತಿಗೆ ತರುವುದಿಲ್ಲ. ಶತಮಾನದ ಕಾಲ ತೇವ ಹೀರಿದ ಮದ್ದು ಬುಡದ ಕಬ್ಬಿಣವನ್ನು ಒಳಗಿನಿಂದ ತಿಂದಿದೆ, ಆದ್ದರಿಂದ ತುಕ್ಕನ್ನು ತಡೆದು, ಕುದುರೆಯನ್ನು ಬಿಡಿಸಿ, ಮನೆಯ ಗೋಡೆಗೆ ಒಪ್ಪುವಂತೆ ಮಾಡಿಕೊಡುತ್ತೇವೆ, ಅಷ್ಟೇ ಎಂದರು. ಜೋಡುನಳಿಗೆಯ ಮೇಲಿನ ಗುಳಿಗಳನ್ನು ಪೂರ್ತಿ ಮಾಯವಾಗುವಂತೆ ಉಜ್ಜುವುದಿಲ್ಲ, ಉಜ್ಜಿದರೆ ಗೋಡೆ ತೆಳುವಾಗುತ್ತದೆ, ಕೆತ್ತನೆಯೂ ಮುದ್ರೆಗಳೂ ಅಳಿಯುತ್ತವೆ. ಬಿಸಿ ಕ್ಷಾರದ ತೊಟ್ಟಿಯಲ್ಲಿ ಅದ್ದಿ ಬೇಗನೆ ಕಪ್ಪು ಹೊಳಪು ಕೊಡುವ ವಿಧಾನವನ್ನು ಬಳಸುವುದಿಲ್ಲ. ಇದರ ಕಾರಣವನ್ನು ನಾನು ಕೆದಕಿ ಕೇಳಿದೆ, ಏಕೆಂದರೆ ಬೇರೊಂದು ಕಡೆ ಅದನ್ನೇ ನನಗೆ ಸೂಚಿಸಿದ್ದರು. ಆ ತೊಟ್ಟಿಯಲ್ಲಿ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ದ್ರಾವಣ 140 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕುದಿಯುತ್ತಿರುತ್ತದೆ. ಒಂಟಿ ನಳಿಗೆಯ ರೈಫಲಿಗೆ ತೊಂದರೆಯಿಲ್ಲ. ಜೋಡುನಳಿಗೆಯನ್ನೂ ನಡುವಿನ ಪಟ್ಟಿಗಳನ್ನೂ ಹಿಡಿದಿಟ್ಟಿರುವುದು ತವರ, ಸೀಸದ ಬೆಸುಗೆ. ಕ್ಷಾರ ಆ ಬೆಸುಗೆಯನ್ನು ತಿನ್ನುತ್ತದೆ. ಪಟ್ಟಿಯಡಿಯ ಟೊಳ್ಳಿಗೆ ನುಗ್ಗಿದ ಲವಣವಂತೂ ಹೊರಗೆ ಬರುವುದೇ ಇಲ್ಲ, ವರ್ಷಗಟ್ಟಲೆ ಒಳಗೊಳಗೇ ತುಕ್ಕು ಬೆಳೆಸುತ್ತಿರುತ್ತದೆ.

ಇವರು ಮಾಡುವುದು ನಿಧಾನದ ತುಕ್ಕಿನ ವಿಧಾನ. ಒಂದು ದಿನ ಪೂರ್ತಿ ಕುಳಿತು ನೋಡಲು ಅವಕಾಶ ಕೊಟ್ಟರು. ನಳಿಗೆಗಳ ಎರಡೂ ತುದಿಗೆ ಮರದ ಬಿರಡೆ ಜಡಿದು, ಬೆರಳಿನ ಜಿಡ್ಡೂ ತಾಗದಂತೆ ಮೈಯನ್ನು ತೊಳೆದು, ಸೌಮ್ಯವಾದ ಆಮ್ಲದ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ, ಹಿಂಡಿ, ಬುಡದಿಂದ ಬಾಯಿಯವರೆಗೆ ಒಂದೇ ಎಳೆತಕ್ಕೆ ಸವರಿದರು. ಅದೇ ಜಾಗದ ಮೇಲೆ ಎರಡನೆಯ ಬಾರಿ ಕೈ ಹೋಗಬಾರದು. ತೇವದ ಪೆಟ್ಟಿಗೆಯೊಳಗೆ ಕೆಲವು ಗಂಟೆ ಇಟ್ಟು ತೆಗೆದಾಗ ನಳಿಗೆ ಪೂರ್ತಿ ಕೇಸರಿ ಬಣ್ಣದ ನವಿರು ಧೂಳು ಹೊದ್ದಿತ್ತು. ಇಷ್ಟು ದಿನ ಓಡಿಸಬೇಕೆಂದಿದ್ದ ತುಕ್ಕನ್ನೇ ಇವರು ಕರೆದು ಕೂರಿಸುತ್ತಿದ್ದಾರಲ್ಲ ಎನ್ನಿಸಿತು. ಭಟ್ಟಿ ಇಳಿಸಿದ ನೀರನ್ನು ಉದ್ದನೆಯ ತೊಟ್ಟಿಯಲ್ಲಿ ಕುದಿಸಿ ಅದರಲ್ಲಿ ಮುಳುಗಿಸಿದರು. ಕೆಂಪು ತುಕ್ಕು ಕುದಿನೀರಿನಲ್ಲಿ ಕಬ್ಬಿಣದ ಕಪ್ಪು ಆಕ್ಸೈಡ್ ಆಗಿ ಬದಲಾಗುತ್ತದೆ. ಅರ್ಧ ಗಂಟೆಯ ನಂತರ ಹೊರಬಂದದ್ದು ಮಸಿ ಬಳಿದಂಥ ನಳಿಗೆ. ಸಡಿಲವಾದ ಮಸಿಯನ್ನು ಕೂದಲಿನಂಥ ತೆಳು ತಂತಿಯ ಬ್ರಷ್ಷಿನಿಂದ ತೆಗೆದಾಗ ಅಡಿಯಲ್ಲಿ ಉಳಿದದ್ದು ಬೂದುಬಣ್ಣದ ಒಂದು ಪೊರೆ ಮಾತ್ರ. ಇದನ್ನೇ ಎಂಟು ಸಲ ಮಾಡಿದ ಮೇಲೆ ಆ ಬೂದು ಆಳವಾದ ನೀಲಿಗಪ್ಪಾಯಿತು. ಕನ್ನಡಿಯ ಹೊಳಪಲ್ಲ, ಮಳೆಗಾಲದ ಮೋಡದ ಮಂದ ಬಣ್ಣ. ಬುಡದ ಹತ್ತಿರ ಮೂರು ನಾಲ್ಕು ಸಣ್ಣ ಗುಳಿಗಳು ಕಾಣುತ್ತವೆ, ಆದರೆ ಮುದ್ರೆಗಳು ಮೊದಲಿಗಿಂತ ಸ್ಪಷ್ಟವಾಗಿವೆ.

ಮಡಚುವ ಕೀಲಿನ ಕೆಲಸವನ್ನೂ ಹೊಗಳಬೇಕು. ಮುಂದಿನ ಮರದ ತುಂಡನ್ನು ಕಳಚಿ ಅಲುಗಿಸಿದಾಗ ಮಾತ್ರ ಗೊತ್ತಾಗುವಷ್ಟು ಸಡಿಲ ಅಜ್ಜನ ಕೋವಿಯ ಕೀಲಿನಲ್ಲಿತ್ತು. ಆ ತುಂಡು ಜಾಗದಲ್ಲಿದ್ದಾಗ ಅದರ ಸ್ಪ್ರಿಂಗ್ ಬಿಗಿಹಿಡಿದು ದೋಷವನ್ನು ಮರೆಸುತ್ತದೆ. ಮುಚ್ಚಿದ ಕೋವಿಯನ್ನು ಬೆಳಕಿಗೆ ಹಿಡಿದರೆ ನಳಿಗೆಯ ಬುಡಕ್ಕೂ ಹಿಂದಿನ ಗೋಡೆಗೂ ನಡುವೆ ಕೂದಲೆಳೆಯ ಬಿರುಕು ಕಾಣುತ್ತಿತ್ತು. ಸವೆದ ಕೀಲುಗೂಟದ ಬದಲು ತುಸು ದಪ್ಪನೆಯದನ್ನು ತಯಾರಿಸಿ, ದೀಪದ ಮಸಿ ಹಿಡಿಸಿ, ಮುಚ್ಚಿ ತೆಗೆದು, ಮಸಿ ಅಂಟಿದ ಉಬ್ಬನ್ನಷ್ಟೇ ಅರದಿಂದ ಸವರುತ್ತ ಕೂರಿಸಿದರು. ಈಗ ಮುಚ್ಚುವಾಗ ಬರುವ ಸದ್ದು ಒಳ್ಳೆಯ ಮರದ ಪೆಟ್ಟಿಗೆಯ ಮುಚ್ಚಳದ ಸದ್ದು. ಸ್ಕ್ರೂಗಳ ಒಂದು ತಲೆಯೂ ಗೀರಿಲ್ಲ, ಒಂದೊಂದು ಸ್ಕ್ರೂವಿನ ಸೀಳಿಗೂ ಹೊಂದುವಂತೆ ಸ್ಕ್ರೂಡ್ರೈವರಿನ ತುದಿಯನ್ನೇ ಅರೆದುಕೊಳ್ಳುವುದು ಇಲ್ಲಿನ ಪದ್ಧತಿ. ಹಾಗಿದ್ದರೂ "ಹಾರಿಸಲು ಸುರಕ್ಷಿತ" ಎಂಬ ಮಾತನ್ನು ಅವರು ಬರೆದುಕೊಡಲಿಲ್ಲ. ಇಂಥ ದಿನ ಇಂಥ ಅಳತೆಗಳಿದ್ದವು, ಹಳೆಯ ಪರೀಕ್ಷೆಯ ಮಿತಿಯೊಳಗಿವೆ ಎಂದಷ್ಟೇ ಬರೆದರು. ಸಿಡಿಯುವುದಿಲ್ಲ ಎನ್ನುವ ಅಧಿಕಾರ ಪರೀಕ್ಷಾಲಯದ್ದು, ಅರ ಹಿಡಿದವನದಲ್ಲ ಎಂಬುದು ಅವರ ನಿಲುವು.

ಇನ್ನು ದೂರು. ಹಿಡಿ ವಾಲ್‌ನಟ್ ಮರದ್ದು. ಕುತ್ತಿಗೆಯ ಸೀಳನ್ನು ಅಂಟಿಸಿದ ರೀತಿ ಚೆನ್ನಾಗಿದೆ, ಈಗ ಹುಡುಕಿದರೂ ಸಿಗುವುದಿಲ್ಲ. ಕಬ್ಬಿಣಕ್ಕೆ ತಾಗುವ ತುದಿಯಲ್ಲಿ ಹಲವು ದಶಕಗಳ ಎಣ್ಣೆ ಇಳಿದು ಮರ ಕಪ್ಪಾಗಿ ಮೆದುವಾಗಿತ್ತು. ಸೀಮೆಸುಣ್ಣದ ಪುಡಿಯನ್ನು ದ್ರಾವಕದಲ್ಲಿ ಕಲಸಿ ಹಚ್ಚಿ, ಒಣಗಿಸಿ, ಕೆರೆದು, ಮತ್ತೆ ಹಚ್ಚಿ ಆ ಎಣ್ಣೆಯನ್ನು ಹೀರಿಸಿದರು. ತಗ್ಗುಗಳ ಮೇಲೆ ಒದ್ದೆ ಬಟ್ಟೆಯಿಟ್ಟು ಬಿಸಿ ಇಸ್ತ್ರಿಯ ಹಬೆಯಿಂದ ನಾರನ್ನು ಉಬ್ಬಿಸಿದರು. ಇಲ್ಲಿಯವರೆಗೆ ಸರಿ. ಆದರೆ ಹಿಡಿಯ ಬಲಬದಿಯಲ್ಲಿ, ಹೆಬ್ಬೆರಳು ಕೂರುವಲ್ಲಿ, ಗೆರೆಗಳ ಕೆತ್ತನೆ ಸವೆದು ನುಣುಪಾದ ಒಂದು ತಗ್ಗು ಇತ್ತು. ಅಜ್ಜನ ಹೆಬ್ಬೆರಳು ಮಾಡಿದ ತಗ್ಗು ಅದು. ಅದನ್ನು ಏಟಿನ ಗುರುತೆಂದು ಭಾವಿಸಿದ ಸಹಾಯಕರೊಬ್ಬರು, ಸುತ್ತಲಿನ ಮರವನ್ನು ಮರಳು ಕಾಗದದಿಂದ ಸಮಮಾಡಿ, ಕೆತ್ತನೆಯನ್ನು ಹೊಸದಾಗಿ ಕೊರೆದು, ಅಗಸೆ ಎಣ್ಣೆಯ ಮೇಲೆ ಹೊಳಪಿನ ವಾರ್ನಿಷ್ ಬೇರೆ ಹೊಡೆದಿದ್ದರು. ನಾನು ಕೈಗೆ ತೆಗೆದುಕೊಂಡಾಗ ಹೆಬ್ಬೆರಳು ತಾನಾಗಿ ಆ ಜಾಗ ಹುಡುಕಿತು, ಸಿಗಲಿಲ್ಲ.

ಇದನ್ನು ಬರಿಯ ಭಾವುಕತೆ ಎನ್ನಬಹುದು. ಆದರೆ ಇದರಲ್ಲಿ ಕಸುಬಿನ ದೋಷವೂ ಇದೆ. ಹಳೆಯ ಕೋವಿಗಳಲ್ಲಿ ಮರವು ಕಬ್ಬಿಣದ ಅಂಚಿಗಿಂತ ಕೂದಲೆಳೆಯಷ್ಟು ಎತ್ತರವಾಗಿ ನಿಂತಿರುತ್ತದೆ. ಉಜ್ಜಿದರೆ ಮರ ತಗ್ಗಿ ಕಬ್ಬಿಣದ ಅಂಚು ಮೇಲೆದ್ದು ಉಗುರಿಗೆ ತಾಗುತ್ತದೆ, ಬಲ್ಲವರು ಮೊದಲು ಬೆರಳಾಡಿಸಿ ನೋಡುವುದೇ ಅಲ್ಲಿ. ನಮ್ಮ ಕೋವಿಯ ಬಲಬದಿಯಲ್ಲಿ ಈಗ ಅಂಚು ಉಗುರಿಗೆ ತಾಗುತ್ತದೆ. ಕಬ್ಬಿಣದ ವಿಷಯದಲ್ಲಿ ಗುಳಿಯನ್ನೂ ಉಳಿಸಿದವರು ಮರದ ವಿಷಯದಲ್ಲಿ ಅದೇ ವಿವೇಕ ತೋರಲಿಲ್ಲ. ಯಜಮಾನರು ವಾದಕ್ಕೆ ಇಳಿಯದೆ ತಪ್ಪೊಪ್ಪಿಕೊಂಡು, ವಾರ್ನಿಷ್ ತೆಗೆಸಿ ಎಣ್ಣೆಯ ಮಂದ ಹೊಳಪಿಗೆ ತಂದುಕೊಟ್ಟರು, ಹಿಡಿಯ ಕೆಲಸಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಹೋದ ಮರ ಹೋಯಿತು. ತಪ್ಪಿನಲ್ಲಿ ನನ್ನದೂ ಪಾಲಿದೆ: ಒಪ್ಪಂದದಲ್ಲಿ "ಅಗತ್ಯವಿದ್ದಷ್ಟೇ" ಎಂದು ಬರೆದಿತ್ತು, ಅಗತ್ಯ ಎಂದರೆ ಏನೆಂದು ನಾನು ಕೇಳಿರಲಿಲ್ಲ. ಇಲ್ಲಿಗೆ ಹೋಗುವವರು ಯಾವ ಗುರುತು ಯಾರದೆಂದು ಚೀಟಿ ಬರೆದು, ಆ ಜಾಗಕ್ಕೇ ದಾರದಿಂದ ಕಟ್ಟಿ ಕೊಡಿ, ಒಪ್ಪಿಸುವ ಮೊದಲು ನಾಲ್ಕೂ ಬದಿಯ ಚಿತ್ರ ನೀವೇ ತೆಗೆದಿಟ್ಟುಕೊಳ್ಳಿ.

ಸಮಯದ ವಿಷಯವೂ ಹೇಳಬೇಕಾದದ್ದೇ. ನಾಲ್ಕು ತಿಂಗಳು ಎಂದದ್ದು ಒಂಬತ್ತಾಯಿತು. ತುಕ್ಕಿನ ಕೆಲಸ ಅವಸರಕ್ಕೆ ಒಗ್ಗುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡಿದ್ದರಿಂದ ಅದಕ್ಕೆ ನನ್ನ ಆಕ್ಷೇಪವಿಲ್ಲ. ಐದು ತಿಂಗಳ ವಿಳಂಬವನ್ನು ತಾವಾಗಿ ಒಮ್ಮೆಯೂ ತಿಳಿಸಲಿಲ್ಲ ಎಂಬುದಕ್ಕೆ ಇದೆ.

ಮರಳಿ ಕೊಡುವಾಗ ಇಡುವ ಕ್ರಮವನ್ನು ಹೇಳಿಕೊಟ್ಟರು. ಬಟ್ಟೆ ತೇವ ಹಿಡಿಯುತ್ತದೆ, ಹದಮಾಡಿದ ಚರ್ಮದಲ್ಲಿ ಉಳಿದ ಆಮ್ಲ ಕಬ್ಬಿಣವನ್ನು ತಿನ್ನುತ್ತದೆ, ಆದ್ದರಿಂದ ಚೀಲ ಸಾಗಿಸುವುದಕ್ಕೆ ಮಾತ್ರ, ಇಡುವುದಕ್ಕಲ್ಲ. ಬೀಗವಿರುವ ಕಪಾಟಿನಲ್ಲಿ ಬಾಯಿ ಕೆಳಗಾಗಿ ನಿಲ್ಲಿಸಿದರೆ ಎಣ್ಣೆ ಮರದೊಳಕ್ಕೆ ಇಳಿಯುವುದಿಲ್ಲ. ಎಣ್ಣೆ ತೆಳುವಾಗಿರಲಿ, ಹೊರಮೈಗೆ ಮೇಣವಾದರೆ ಇನ್ನೂ ಒಳ್ಳೆಯದು. ಒಳಗಿನ ಸ್ಪ್ರಿಂಗುಗಳ ಬಿಗಿ ಇಳಿಸಿಡಲು ಎರಡು ಪೊಳ್ಳು ತೋಟಾಗಳನ್ನೂ ಕೊಟ್ಟರು. ಕೇಪಿನ ಕೋವಿಯಿಂದ ತೆಗೆದ ಚರೆಯನ್ನು ಸಣ್ಣ ಗಾಜಿನ ಸೀಸೆಯೊಂದರಲ್ಲಿ ಹಾಕಿ, ಮುಚ್ಚಿ, ತೆಗೆದ ತಾರೀಕು ಬರೆದು ಕೈಗಿಟ್ಟರು.

ವರದಿಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಎಂಬತ್ತು ದಾಟಿದ ದೊಡ್ಡಮ್ಮ ಬರ್ಮಿಂಗ್‌ಹ್ಯಾಮ್, ಲಿಯೇಜ್ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ಮೂರನೆಯ ಅಂಕಣ ಬಂದಾಗ ತಲೆಯಾಡಿಸಿ, "ಇದೊಂದನ್ನು ಸರಿಯಾಗಿ ಬರೆದಿದ್ದಾರೆ" ಎಂದರು.